ಅಮಾನಿಕೆರೆಯ ಕೊಕ್ಕುಗಳು

ಹೊಸಕೋಟೆ ಪಟ್ಟಣದ ಮಗ್ಗುಲಲ್ಲೇ ಹರಡಿಕೊಂಡಿರುವ ದೊಡ್ಡ ಅಮಾನಿಕೆರೆ ದಕ್ಷಿಣ ಪಿನಾಕಿನಿಯ ಜಲಾನಯನಕ್ಕೆ ಸೇರಿದ್ದು, ಅದರ ಕದಡಿದ ನೀರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕುಗಳು ಒಟ್ಟೊಟ್ಟಿಗೆ ಮೇಯುವುದುಂಟು. ಮುಂಗಾಲುಗಳೇ ರೆಕ್ಕೆಗಳಾಗಿ ಮಾರ್ಪಟ್ಟಿರುವ ಹಕ್ಕಿಗೆ ಕೈ ಮಾಡಬೇಕಾದ ಕೆಲಸದ ಬಹುಪಾಲನ್ನು ಕೊಕ್ಕೇ ಮಾಡಬೇಕು. ಒಳಗೆ ದವಡೆಯ ಮೂಳೆ, ಹೊರಗೆ ಉಗುರಿನಲ್ಲಿರುವಂಥದೇ ಕೆರಟಿನ್ ಎಂಬ ಗಟ್ಟಿ ವಸ್ತುವಿನ ಹೊದಿಕೆ, ಇಷ್ಟೇ ಅದರ ರಚನೆಯಾದರೂ ಆಹಾರಕ್ಕೆ ತಕ್ಕಂತೆ ಅದು ತಳೆದಿರುವ ರೂಪಗಳು ಬೆರಗು ಹುಟ್ಟಿಸುತ್ತವೆ.

ಇವುಗಳಲ್ಲಿ ಬಾಯ್ಕಳಕದ ಕೊಕ್ಕು ಎಲ್ಲಕ್ಕಿಂತ ವಿಚಿತ್ರವಾದುದು. ಮೇಲ್ಕೊಕ್ಕು ಹೆಚ್ಚುಕಡಿಮೆ ನೇರವಾಗಿದ್ದು ಕೆಳಕೊಕ್ಕು ಬಾಗಿರುವುದರಿಂದ, ಬಾಯಿ ಮುಚ್ಚಿದಾಗಲೂ ನಡುವೆ ಸಂದು ಉಳಿಯುತ್ತದೆ. ಮರಿಗಳಲ್ಲಿ ಮಾತ್ರ ಈ ಸಂದು ಇರುವುದಿಲ್ಲ. ಇದರ ಮುಖ್ಯ ಆಹಾರ ನೀರಿನ ಬಸವನಹುಳು. ಅಡಕತ್ತರಿಯಲ್ಲಿ ಅಡಕೆ ಒಡೆಯುವಂತೆ ಹಕ್ಕಿ ಈ ಸಂದಿನಲ್ಲಿ ಚಿಪ್ಪನ್ನು ಒಡೆಯುತ್ತದೆಂದು 1960ರಲ್ಲಿ ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿ ವಾದಿಸಿದ್ದರೂ, ನಂತರದ ಅಧ್ಯಯನಗಳು ಅದನ್ನು ಒಪ್ಪಲಿಲ್ಲ. ಹಕ್ಕಿಯು ಮೇಲ್ಕೊಕ್ಕಿನಿಂದ ಹುಳುವನ್ನು ನೆಲಕ್ಕೆ ಅದುಮಿ ಹಿಡಿದು, ಕೆಳಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಬಾಯಿಮುಚ್ಚಳದಡಿ ತೂರಿಸಿ, ಮೆತ್ತನೆಯ ಒಡಲನ್ನು ಹೊರಗೆಳೆಯುತ್ತದೆ. ಇದೆಲ್ಲ ಬಹುಪಾಲು ನೀರಿನೊಳಗೇ ನಡೆದುಹೋಗುವುದರಿಂದ ದಡದಲ್ಲಿ ನಿಂತವರಿಗೆ ಕಾಣುವುದು ಕತ್ತಿನ ಅಲುಗಾಟವಷ್ಟೇ.

ಬಣ್ಣದ ಕೊಕ್ಕರೆಯಾದರೋ ಕಣ್ಣನ್ನು ನೆಚ್ಚದೆ ಸ್ಪರ್ಶವನ್ನು ನೆಚ್ಚುತ್ತದೆ. ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ ಅತ್ತಿತ್ತ ಆಡಿಸುತ್ತ, ಕಾಲಿನಿಂದ ಕೆಸರು ಕೆದಕಿ ಮೀನನ್ನು ಎಬ್ಬಿಸಿ, ಅದು ತಾಕಿದೊಡನೆ ಕೊಕ್ಕು ಮುಚ್ಚುತ್ತದೆ. ಇದೇ ರೀತಿ ಬೇಟೆಯಾಡುವ ಅಮೆರಿಕದ ಕಾಡುಕೊಕ್ಕರೆಯಲ್ಲಿ ಈ ಕ್ರಿಯೆಗೆ ಸೆಕೆಂಡಿನ 40ರಲ್ಲಿ ಒಂದು ಪಾಲು ಸಾಕೆಂದು 1963ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಳೆಯಲಾಗಿದೆ. ಚಮಚದ ಕೊಕ್ಕೂ ಸ್ಪರ್ಶವನ್ನೇ ನಂಬಿದೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಚಲುಕದ ಬಾತಿನ ಕೊಕ್ಕಿನಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಎಳೆಗಳಿದ್ದು, ಅವು ನೀರನ್ನು ಸೋಸಿ ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುತ್ತವೆ.

ಹೆಜ್ಜಾರ್ಲೆಯ ಚೀಲವನ್ನು ಬುತ್ತಿಯ ಗಂಟೆಂದು ಭಾವಿಸುವುದು ತಪ್ಪು. ಅದು ಮೀನು ಹಿಡಿಯುವ ಬಲೆ. ಮೀನಿನೊಂದಿಗೆ ಒಳಬಂದ ನೀರನ್ನು ಕೊಕ್ಕು ತಗ್ಗಿಸಿ ಬಸಿದ ಬಳಿಕವೇ ಹಕ್ಕಿ ತಲೆಯೆತ್ತಿ ನುಂಗುತ್ತದೆ. ಈಜುತ್ತಲೇ ಬೇಟೆಯಾಡುವ ಇದಕ್ಕೆ ಆಳದ ನೀರೂ ಸರಿಯೇ, ಆದರೆ ನಿಂತು ಮೇಯುವ ಉಳಿದ ಕೊಕ್ಕರೆಗಳಿಗೆ ಕಾಲು ಮುಳುಗುವಷ್ಟೇ ನೀರು, ಅದರಡಿ ಮೆತ್ತನೆಯ ಕೆಸರು ಬೇಕು. ಕೆರೆಯಂಚನ್ನು ಕಡಿದಾಗಿ ಅಗೆದು ಕಲ್ಲು ಕಟ್ಟಿದಲ್ಲೆಲ್ಲ ಮೊದಲು ಇಲ್ಲವಾಗುವುದು ಈ ತೆಳುನೀರಿನ ಪಟ್ಟಿಯೇ.