ಏರಿಯ ಮೇಲಿನ ಓಟ

ಮುಂಗಾರಿನ ಅಬ್ಬರ ಇಳಿದು, ನಾಲೆಗಳಲ್ಲಿ ನೀರು ತುಂಬಿ, ಗದ್ದೆಗಳು ಹಸಿರಾಗಿ ನಿಂತ ಕಾಲವೆಂದರೆ ಹಬ್ಬಗಳ ಕಾಲ. ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ದಸರೆಯ ಬೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆಯುವ ಸಡಗರ. ಅದು ಮುಗಿಯುವಷ್ಟರಲ್ಲಿ ದೀಪಾವಳಿ. ಇತ್ತೀಚಿನ ವರ್ಷಗಳಲ್ಲಿ ಈ ದಿನಗಳು ಇನ್ನೊಂದು ಬಗೆಯ ಜನರಿಗೂ ಹಬ್ಬವಾಗಿವೆ. ಅವರು ಓಟದ ಸಂಘಗಳ ಸದಸ್ಯರು. ಪದಕದ ಆಸೆಯಿಲ್ಲ, ಬಹುಮಾನದ ಹಣವೂ ಬೇಕಿಲ್ಲ. ಆದರೂ ನಸುಕಿನಲ್ಲೆದ್ದು ಹತ್ತಾರು ಮೈಲಿ ಓಡಿಬರುವ ಇವರನ್ನು ಕಂಡು, ‘ಇವರಿಗೇನಾಗಿದೆ?’ ಎಂದು ನೆರೆಹೊರೆಯವರು ಅಚ್ಚರಿಪಟ್ಟದ್ದುಂಟು.

ಕನ್ನಡ ನಾಡಿನಲ್ಲಿ ಈ ಹವ್ಯಾಸಕ್ಕೆ ಒಂದು ರೂಪ ಕೊಟ್ಟ ಸ್ಪರ್ಧೆಗಳಲ್ಲಿ ಶ್ರೀರಂಗಪಟ್ಟಣದ ‘ಕಾವೇರಿ ಟ್ರೇಲ್ ಮ್ಯಾರಥಾನ್’ ಮುಖ್ಯವಾದುದು. ಬೆಂಗಳೂರಿನ ‘ರನ್ನರ್ಸ್ ಫಾರ್ ಲೈಫ್’ ಎಂಬ ಓಟಗಾರರ ಬಳಗ ಇದನ್ನು ೨೦೦೭ರಲ್ಲಿ ಆರಂಭಿಸಿತು. ಮೊದಲ ವರ್ಷಗಳಲ್ಲಿ ಅದು ಸೆಪ್ಟೆಂಬರ್ ತಿಂಗಳಿನಲ್ಲಿ ನಡೆಯುತ್ತಿತ್ತು. ನಗರದ ಓಟಗಳಂತೆ ಡಾಂಬರಿನ ಮೇಲಲ್ಲ. ರಂಗನತಿಟ್ಟಿನ ಸಮೀಪದಲ್ಲಿ, ನಾಲೆಯ ಏರಿಯ ಮಣ್ಣುಹಾದಿಯ ಮೇಲೆ. ಒಂದು ಬದಿಗೆ ತುಂಬಿ ಹರಿಯುವ ನೀರು, ಇನ್ನೊಂದು ಬದಿಗೆ ಬತ್ತದ ಗದ್ದೆ. ಎದುರಿಗೆ ಎತ್ತಿನ ಗಾಡಿ ಬಂದರೆ ಓಟಗಾರನೇ ಪಕ್ಕಕ್ಕೆ ಸರಿಯಬೇಕು. ಮುಂಜಾನೆ ತಂಪಾಗಿರುವ ಈ ಹಾದಿ ಒಂಬತ್ತು ಗಂಟೆಯ ಮೇಲೆ ತನ್ನ ಬಿಸಿಯನ್ನು ತೋರುತ್ತದೆ. ಮೋಡ ಸರಿದ ಆಕಾಶದ ಬಿಸಿಲು ನೆತ್ತಿಗೆ ಬಡಿಯುವ ಹೊತ್ತಿಗೆ, ಪೂರ್ಣ ದೂರವನ್ನು ಆರಿಸಿಕೊಂಡವರು ಅದೇ ಹಾದಿಯನ್ನು ಮತ್ತೊಮ್ಮೆ ಸವೆಸಬೇಕಾಗುತ್ತದೆ. ಧೈರ್ಯದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ.

ಸಂಘವೇಕೆ?

ಓಡಲು ಎರಡು ಕಾಲುಗಳು ಸಾಕು. ಸಂಘವೇಕೆ ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನ ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿಗೋ ಬೆಳಗಿನ ಐದೂವರೆ ಗಂಟೆಗೆ ಹೋದವರಿಗೆ ಉತ್ತರ ತಾನಾಗಿ ದೊರೆಯುತ್ತದೆ. ಬ್ಯಾಂಕಿನ ನೌಕರರು, ಇಂಜಿನಿಯರುಗಳು, ಮಕ್ಕಳನ್ನು ಶಾಲೆಗೆ ಕಳುಹಿಸುವ ಮೊದಲು ಓಡಿ ಮುಗಿಸಬೇಕಾದ ಗೃಹಿಣಿಯರು, ನಿವೃತ್ತರಾದ ಹಿರಿಯರು ಅಲ್ಲಿ ಕಲೆತಿರುತ್ತಾರೆ. ಒಬ್ಬರೇ ಇದ್ದಾಗ ಮಳೆಯ ನೆಪದಿಂದ ಮತ್ತೆ ಹೊದಿಕೆ ಎಳೆದುಕೊಳ್ಳುವವರು, ‘ಅಲ್ಲಿ ನಾಲ್ಕು ಜನ ಕಾಯುತ್ತಿದ್ದಾರೆ’ ಎಂಬ ಒಂದೇ ಮಾತಿಗೆ ಎದ್ದುಬರುತ್ತಾರೆ.

ಓಟದ ದಿನ ಈ ಬಾಂಧವ್ಯ ಇನ್ನೂ ಸ್ಪಷ್ಟವಾಗುತ್ತದೆ. ಕಾಲು ನೋವಿನಿಂದ ಓಡಲಾಗದವರು ನೀರು, ಬಾಳೆಹಣ್ಣು, ಉಪ್ಪು ಹಿಡಿದು ಹಾದಿಯಲ್ಲಿ ನಿಲ್ಲುತ್ತಾರೆ. ಬಲ್ಲವನೊಬ್ಬ ಗಡಿಯಾರ ನೋಡುತ್ತ ಒಂದೇ ವೇಗದಲ್ಲಿ ಓಡಿ, ಹೊಸಬರನ್ನು ತನ್ನ ಜೊತೆಗೆ ಕರೆದೊಯ್ಯುತ್ತಾನೆ. ಮೊದಲಿಗನಾಗಿ ಗೆದ್ದವನಿಗೆ ಬೀಳುವ ಚಪ್ಪಾಳೆಗಿಂತ, ಎಲ್ಲರೂ ಮುಗಿಸಿದ ಮೇಲೆ ಕುಂಟುತ್ತ ಬರುವ ಕೊನೆಯವರಿಗೆ ಬೀಳುವ ಚಪ್ಪಾಳೆಯೇ ಕೆಲವೊಮ್ಮೆ ಜೋರಾಗಿರುತ್ತದೆ.

ಬೆಳಗಾವಿಯ ಓಟಗಾರ

ಸಂಘವೊಂದು ಓಟಗಾರನನ್ನು ಎಲ್ಲಿಗೆ ಕೊಂಡೊಯ್ಯಬಲ್ಲದೆಂಬುದಕ್ಕೆ ನೂರು ವರ್ಷಗಳ ಹಿಂದಿನ ನಿದರ್ಶನವೊಂದಿದೆ. ಪುಣೆಯ ಡೆಕ್ಕನ್ ಜಿಮಖಾನಾ ಸಂಸ್ಥೆಗೆ ಸರ್ ದೊರಾಬ್ಜಿ ತಾತಾ ಅಧ್ಯಕ್ಷರಾಗಿದ್ದ ಕಾಲ. ಅದರ ಕ್ರೀಡಾಕೂಟಕ್ಕೆ ಬಂದ ದೂರದ ಓಟಗಾರರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಬರಿಗಾಲಿನಲ್ಲಿ ಓಡಿ ರೂಢಿಯಾದವರು. ಸ್ಪರ್ಧೆಯ ನಿಯಮಗಳನ್ನು ಅರಿಯದ ಈ ಹುಡುಗರ ವೇಗ ಯೂರೋಪಿನವರ ವೇಗಕ್ಕೆ ತೀರ ಕಡಿಮೆಯದಲ್ಲವೆಂಬುದನ್ನು ತಾತಾ ಗಮನಿಸಿದರು. ಭಾರತದ ತಂಡವೊಂದು ೧೯೨೦ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಹೊರಡಲು ಅದೇ ಕಾರಣವಾಯಿತು.

ಆ ತಂಡದಲ್ಲಿದ್ದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಅಂದಿನ ಮ್ಯಾರಥಾನಿನ ದೂರ ೪೨.೭೫ ಕಿಲೋಮೀಟರು, ಇಂದಿನ ೪೨.೧೯೫ಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ ಗೆದ್ದ ಆ ಓಟವನ್ನು ಚೌಗುಲೆ ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ೧೯ನೆಯವರಾಗಿ ಬಂದರು. ಇಂದು ಬೆಲೆಬಾಳುವ ಬೂಟು ತೊಟ್ಟು ವರ್ಷಗಟ್ಟಲೆ ಸಾಧನೆ ಮಾಡುವ ಹವ್ಯಾಸಿಗಳಲ್ಲಿ ಬಹುಮಂದಿಗೆ ಮೂರು ಗಂಟೆಯೊಳಗೆ ಮುಗಿಸುವುದೇ ಕನಸೆಂಬುದನ್ನು ನೆನೆದರೆ ಅವರ ಹಿರಿಮೆ ಅರಿವಾಗುತ್ತದೆ.

ದೇಹದ ಲೆಕ್ಕಾಚಾರ

ಉತ್ಸಾಹವೊಂದರಿಂದಲೇ ಇಷ್ಟು ದೂರ ಕ್ರಮಿಸಲಾಗದು. ನಾವು ಉಣ್ಣುವ ಅನ್ನ, ರಾಗಿಗಳ ಪಿಷ್ಟ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುತ್ತದೆ. ಈ ದಾಸ್ತಾನು ಸಾಮಾನ್ಯವಾಗಿ ಸುಮಾರು ೩೦ ಕಿಲೋಮೀಟರಿನ ಹೊತ್ತಿಗೆ ಬರಿದಾಗುತ್ತ ಬರುತ್ತದೆ. ಆಗ ಕಾಲು ಸೀಸದಂತೆ ಭಾರವಾಗಿ, ಮನಸ್ಸು ಕುಗ್ಗುತ್ತದೆ. ಓಟಗಾರರು ಇದನ್ನು ‘ಗೋಡೆ’ ಎಂದು ಕರೆಯುತ್ತಾರೆ. ಆರಂಭದಲ್ಲಿ ಬೀಗಿ ಓಡಿದವರಿಗೆ ಈ ಗೋಡೆ ಬೇಗನೆ ಎದುರಾಗುತ್ತದೆ. ಆದುದರಿಂದಲೇ ಅನುಭವಿಗಳು ಮೊದಲರ್ಧದಲ್ಲಿ ಕೈ ಬಿಗಿಹಿಡಿದು ಖರ್ಚು ಮಾಡುವ ಸಂಸಾರಿಯಂತೆ ಓಡುತ್ತಾರೆ.

ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಕುಡಿಯದಿದ್ದರೆ ಅಪಾಯವೆಂಬುದು ಎಲ್ಲರಿಗೂ ತಿಳಿದ ಮಾತು. ಅತಿಯಾಗಿ ಕುಡಿದರೂ ಅಪಾಯವೆಂಬುದು ಬಹಳ ಜನಕ್ಕೆ ತಿಳಿಯದು. ೨೦೦೨ರಲ್ಲಿ ಬಾಸ್ಟನ್ ಮ್ಯಾರಥಾನ್ ಮುಗಿಸಿದ ೪೮೮ ಮಂದಿಯ ರಕ್ತವನ್ನು ಪರೀಕ್ಷಿಸಿದಾಗ, ನೂರಕ್ಕೆ ಹದಿಮೂರು ಜನರಲ್ಲಿ ಸೋಡಿಯಂ ಅಂಶ ಸಹಜ ಮಟ್ಟಕ್ಕಿಂತ ಇಳಿದಿತ್ತು. ಇದಕ್ಕೆ ಮುಖ್ಯ ಕಾರಣ ಅಗತ್ಯಕ್ಕಿಂತ ಹೆಚ್ಚು ಕುಡಿದುದೇ. ಬಾಯಾರಿಕೆಯನ್ನು ಅನುಸರಿಸಿ ಕುಡಿಯುವುದು ಕ್ಷೇಮ. ಎದೆನೋವಾಗಲಿ ತಲೆಸುತ್ತಾಗಲಿ ಕಂಡರೆ ನಿಲ್ಲುವುದು ಹೇಡಿತನವಲ್ಲ, ವಿವೇಕ.

ಹೆಂಗಸರಿಗೆ ಈ ಓಟ ಸಲ್ಲದೆಂಬ ನಂಬಿಕೆ ಬಹುಕಾಲ ಲೋಕದಲ್ಲೆಲ್ಲ ಇತ್ತು. ಒಲಿಂಪಿಕ್ಸಿನಲ್ಲಿ ಅವರಿಗೆ ಮ್ಯಾರಥಾನ್ ದೊರೆತದ್ದು ೧೯೮೪ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅಮೆರಿಕದ ಜೋನ್ ಬೆನಾಯ್ಟ್ ಅಂದು ೨ ಗಂಟೆ ೨೪ ನಿಮಿಷ ೫೨ ಸೆಕೆಂಡುಗಳಲ್ಲಿ ಗೆದ್ದು ಆ ನಂಬಿಕೆಗೆ ಉತ್ತರ ಕೊಟ್ಟರು. ಇಂದು ಬೆಂಗಳೂರು, ಮೈಸೂರುಗಳ ಓಟಗಳಲ್ಲಿ ತಾಯಿ ಮಗಳು ಜೊತೆಯಾಗಿ ಓಡಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಹೋಬಳಿಯ ಮಕ್ಕಳು

ನಗರದಲ್ಲಿ ಸಂಘಗಳಿವೆ, ಹಳ್ಳಿಗಳಲ್ಲಿ? ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯನ್ನೇ ನೋಡಬಹುದು. ಅಂಥ ಕಡೆಗಳಲ್ಲಿ ಓಟವೆಂದರೆ ಶಾಲೆಯ ಕ್ರೀಡಾಕೂಟ. ಸುಣ್ಣದ ಪುಡಿಯ ಗೆರೆಗಳ ನಡುವೆ ಓಡಿ ಹೋಬಳಿಯಲ್ಲಿ ಗೆದ್ದವರಿಗೆ ತಾಲ್ಲೂಕು, ಅಲ್ಲಿ ಗೆದ್ದವರಿಗೆ ಹಾಸನದಲ್ಲಿ ಜಿಲ್ಲಾ ಕೂಟ, ಅದರಾಚೆ ಮೈಸೂರು ವಿಭಾಗ. ದಸರಾ ಕ್ರೀಡಾಕೂಟದ ಏಣಿಯೂ ಹೀಗೆಯೇ ತಾಲ್ಲೂಕಿನಿಂದ ಮೈಸೂರಿನವರೆಗೆ ಏರುತ್ತದೆ. ಹೊಲದ ಬದುಗಳ ಮೇಲೆ ಓಡಾಡಿ ಬೆಳೆದ ಮಕ್ಕಳಿಗೆ ಗುಡ್ಡಗಾಡು ಓಟ ಕಲಿಸಬೇಕಾದ ವಿದ್ಯೆಯೇ ಅಲ್ಲ. ಆದರೆ ಏಣಿಯ ಯಾವುದಾದರೊಂದು ಮೆಟ್ಟಿಲಿನಲ್ಲಿ ಸೋತವರು, ಶಾಲೆ ಬಿಟ್ಟವರು, ಮತ್ತೆ ಓಡಲು ಕಾರಣವೇ ಉಳಿಯುವುದಿಲ್ಲ. ಕರೆಯುವವರಿಲ್ಲ; ಕಾಯುವವರಿಲ್ಲ. ನಗರದ ಓಟಗಳ ಪ್ರವೇಶಧನವಂತೂ ಹಳ್ಳಿಯ ಕುಟುಂಬಕ್ಕೆ ಹೊರೆಯೇ.

ಹೊಳೆನರಸೀಪುರವನ್ನು ಹಾದುಹೋಗುವ ಹೇಮಾವತಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಶ್ರೀರಂಗಪಟ್ಟಣದ ನಾಲೆಯಲ್ಲಿ ಓಟಗಾರರ ಪಕ್ಕದಲ್ಲಿ ಹರಿಯುವುದರಲ್ಲಿ ಆ ನೀರೂ ಸೇರಿದೆ. ನೀರು ತಲಪಿದಷ್ಟು ಸುಲಭವಾಗಿ ಆ ಕಡೆಯ ಹುಡುಗ ಹುಡುಗಿಯರು ಅಲ್ಲಿಗೆ ತಲಪಲಾರರು. ಅವರಿಗೆ ಬೇಕಾದುದು ಅರಮನೆಯಂಥ ಕ್ರೀಡಾಂಗಣವಲ್ಲ. ಬೆಳಗ್ಗೆ ಶಾಲೆಯ ಬಯಲಿಗೆ ಬರುವ ಒಬ್ಬ ಮೇಷ್ಟರು, ಒಂದು ಗಡಿಯಾರ, ಜೊತೆಗೆ ಓಡುವ ಹತ್ತು ಮಂದಿ ಇದ್ದರೆ ಅದೇ ಒಂದು ಸಂಘ. ನಗರದ ಸಂಘವೊಂದು ವರ್ಷಕ್ಕೆ ನಾಲ್ಕಾರು ಹಳ್ಳಿಯ ಮಕ್ಕಳ ಪ್ರವೇಶಧನವನ್ನೂ ಬಸ್ಸಿನ ಖರ್ಚನ್ನೂ ವಹಿಸಿಕೊಂಡರೆ, ಅದರ ಸದಸ್ಯರಿಗೆ ಏರಿಯ ಮೇಲೆ ಒಳ್ಳೆಯ ಜೊತೆಗಾರರು ಸಿಕ್ಕಿಯಾರು. ಅಂದು ಡೆಕ್ಕನ್ ಜಿಮಖಾನಾದವರು ರೈತರ ಮಕ್ಕಳನ್ನು ಓಡಲು ಬಿಟ್ಟರು. ಅವರ ಓಟವನ್ನು ನೋಡಿದರು, ಅಳೆದರು. ಮುಂದಿನದನ್ನು ಆ ಮಕ್ಕಳ ಕಾಲುಗಳೇ ಮಾಡಿದವು.