ಉಕ್ಕಿನ ಹದ

ಹದವರಿತು ಹರಗಬೇಕು, ಬೆದೆಯರಿತು ಬಿತ್ತಬೇಕು ಎಂಬುದು ರೈತರ ಅನುಭವದ ಮಾತು. ಮಣ್ಣಿಗೆ ಸಲ್ಲುವ ಈ ಮಾತು ಉಕ್ಕಿಗೂ ಸಲ್ಲುತ್ತದೆ. ಕಮ್ಮಾರನು ಕುಡುಗೋಲನ್ನು ಕುಲುಮೆಯಲ್ಲಿ ಕೆಂಪಗೆ ಕಾಸಿ, ಒಡನೆಯೇ ನೀರಿನಲ್ಲಿ ಅದ್ದಿ, ಅದಕ್ಕೆ ಗಡಸುತನವನ್ನು ತರುತ್ತಾನೆ. ಕಾದ ಉಕ್ಕಿನ ಬಣ್ಣವೇ ಅವನ ಅಳತೆಗೋಲು.

ಯಂತ್ರದ ಭಾಗಗಳಿಗೆ ಬೇಕಾದ ಹದ ಇನ್ನೂ ಸೂಕ್ಷ್ಮವಾದುದು. ವಾಹನದ ಅಚ್ಚುದಂಡದ ಮೇಲ್ಮೈ ಬೇಗ ಸವೆಯದಂತೆ ಗಡಸಾಗಿರಬೇಕು. ಒಳತಿರುಳು ಮಾತ್ರ ಪೆಟ್ಟನ್ನು ತಾಳಿಕೊಳ್ಳುವಂತಿರಬೇಕು. ದಂಡವೆಲ್ಲವೂ ಗಡಸಾದರೆ ಹಠಾತ್ತನೆ ಬಿದ್ದ ಹೊಡೆತಕ್ಕೆ ಅದು ಮುರಿದೀತು. ಆದುದರಿಂದ ಹೊರಮೈಯನ್ನಷ್ಟೇ ಕಾಸಿ ತಣಿಸಬೇಕಾಗುತ್ತದೆ.

ಈ ಕಾರ್ಯಕ್ಕೆ ಆಧಾರವಾದುದು ವಿದ್ಯುತ್ಕಾಂತೀಯ ಪ್ರೇರಣೆ. ಬದಲಾಗುತ್ತಿರುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದನು. ತಾಮ್ರದ ಸುರುಳಿಯೊಳಗೆ ದಂಡವನ್ನು ತಾಗದಂತೆ ನಿಲ್ಲಿಸಿ, ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಸುರುಳಿಯಲ್ಲಿ ಹರಿಸಿದರೆ, ಉಕ್ಕಿನ ಹೊರಪದರದಲ್ಲಿ ಸುಳಿಪ್ರವಾಹಗಳು ಏಳುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಆ ಪದರ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಕೂಡಲೇ ನೀರು ಚಿಮ್ಮಿಸಿದರೆ ಅದು ಗಡಸಾಗುತ್ತದೆ. ದಿಕ್ಕು ಬದಲಾಗುವ ವೇಗ ಹೆಚ್ಚಿದಷ್ಟೂ ಕಾಯುವ ಪದರ ತೆಳುವಾಗುತ್ತದೆ.

ಉದ್ದವಾದ ದಂಡವನ್ನು ಒಮ್ಮೆಗೇ ಕಾಸಲು ಅಪಾರ ಶಕ್ತಿ ಬೇಕು. ಆದಕಾರಣ ದಂಡವನ್ನು ಸುರುಳಿಯ ಮೂಲಕ ಮೆಲ್ಲನೆ ಕೆಳಗಿಳಿಸುತ್ತಾರೆ. ಕಾದ ಭಾಗವು ಸುರುಳಿಯ ಕೆಳಗಿರುವ ನೀರಿನ ಬಳೆಯನ್ನು ಹೊಕ್ಕು ತಣಿಯುತ್ತದೆ. ಈ ನಡೆಯ ವೇಗವೆಷ್ಟಿರಬೇಕು?

ಇದರ ಮೊದಲ ಅಂದಾಜು ಸರಳವಾದುದು. ಸುರುಳಿಯು ದಂಡದ 20 ಮಿಲಿಮೀಟರ್ ಉದ್ದವನ್ನು ಕಾಸುತ್ತದೆಯೆಂದೂ, ಬೇಕಾದ ಆಳದವರೆಗೆ ಕಾಯಲು 4 ಸೆಕೆಂಡು ಹಿಡಿಯುತ್ತದೆಯೆಂದೂ ಇಟ್ಟುಕೊಳ್ಳೋಣ. 20ನ್ನು 4ರಿಂದ ಭಾಗಿಸಿದರೆ ಸೆಕೆಂಡಿಗೆ 5 ಮಿಲಿಮೀಟರ್ ವೇಗ ದೊರೆಯುತ್ತದೆ. ಆರಂಭದಲ್ಲಿ ನಿಂತು ಕಾಯುವ ಕಾಲವನ್ನು ಬಿಟ್ಟರೆ, 300 ಮಿಲಿಮೀಟರ್ ಉದ್ದಕ್ಕೆ ಒಂದು ನಿಮಿಷ ಸಾಕು.

ವೇಗ ಮಿತಿಮೀರಿದರೆ ಗಡಸು ಪದರ ತೆಳುವಾಗಿ ದಂಡ ಬೇಗ ಸವೆಯುತ್ತದೆ. ನಡೆ ಅತಿ ನಿಧಾನವಾದರೆ ಕಾವು ಒಳಕ್ಕಿಳಿದು ದಂಡ ಸೊಟ್ಟಗಾಗಬಹುದು, ಬಿರುಕು ಬಿಡಲೂಬಹುದು. ಒಳಕ್ಕೆ ಹರಿಯುವ ಕಾವನ್ನೇ ನೆಚ್ಚಿ ಎರಡರಷ್ಟು ಆಳವನ್ನು ಪಡೆಯಬೇಕಾದರೆ ಸುಮಾರು ನಾಲ್ಕರಷ್ಟು ಕಾಲ ಬೇಕಾಗುತ್ತದೆ. ಆಗ ವೇಗದೊಡನೆ ಶಕ್ತಿಯನ್ನೂ ತಗ್ಗಿಸಬೇಕು. ಇಲ್ಲದಿದ್ದರೆ ಮೇಲ್ಮೈ ಮಿತಿಮೀರಿ ಕಾಯುತ್ತದೆ.

ಅಂದಾಜು ಎಷ್ಟೇ ಚೆನ್ನಾಗಿದ್ದರೂ ಅದೇ ಕೊನೆಯ ಮಾತಲ್ಲ. ಮಾದರಿ ದಂಡವೊಂದನ್ನು ಅಡ್ಡಲಾಗಿ ಕತ್ತರಿಸಿ, ನುಣುಪುಗೊಳಿಸಿ, ತೆಳುವಾದ ಆಮ್ಲವನ್ನು ಸವರಿದರೆ ಗಡಸು ಪದರ ಬೇರೆ ಬಣ್ಣದ ಉಂಗುರದಂತೆ ಕಾಣುತ್ತದೆ. ಅದರ ಆಳವನ್ನು ಅಳೆದು ವೇಗವನ್ನು ತಿದ್ದಿಕೊಳ್ಳುತ್ತಾರೆ. ಆ ದಂಡವನ್ನು ನಂಬಿ ದಾರಿ ಹಿಡಿಯುವ ಪ್ರಯಾಣಿಕರ ಕ್ಷೇಮಕ್ಕೆ ಲೆಕ್ಕವೂ ಬೇಕು, ಪರೀಕ್ಷೆಯೂ ಬೇಕು.