ಕೊಳವೆಬಾವಿಗೆ ಹಣ ಹೂಡುವ ಮುನ್ನ

ಹೊಸ ಘಟಕದ ಯೋಜನಾ ವರದಿಯಲ್ಲಿ ಕಟ್ಟಡ, ಯಂತ್ರೋಪಕರಣ, ದುಡಿಯುವ ಬಂಡವಾಳಗಳ ವಿವರ ಪುಟಗಟ್ಟಲೆ ಇರುತ್ತದೆ. ನೀರಿನ ವಿಷಯಕ್ಕೆ ಬಂದಾಗ ಮಾತ್ರ ‘ಕೊಳವೆಬಾವಿ ಒಂದು’ ಎಂದು ಬರೆದು ಮೊತ್ತ ನಮೂದಿಸುವುದು ವಾಡಿಕೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಈ ಒಂದು ಸಾಲು ದುಬಾರಿಯಾಗಬಲ್ಲದು. ಇಲ್ಲಿ ಊರಿಂದೂರಿಗೆ ನೆಲದಡಿಯ ಶಿಲೆ ಬದಲಾಗುತ್ತದೆ.

ಈ ಸೀಮೆಯಲ್ಲಿ ವಿಸ್ತಾರವಾಗಿ ಹರಡಿರುವ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಪದರುಗಳಿಂದಾದುದು. ಪ್ರತಿ ಪದರಿನ ನಡುಭಾಗ ಗಟ್ಟಿ, ಮೇಲ್ಭಾಗದಲ್ಲಿ ಗುಳ್ಳೆರಂಧ್ರಗಳು. ನೀರು ನಿಲ್ಲುವುದು ಈ ರಂಧ್ರಗಳಲ್ಲಿ, ಬಿರುಕುಗಳಲ್ಲಿ ಹಾಗೂ ಶಿಥಿಲಗೊಂಡ ಮೇಲುಸ್ತರದಲ್ಲಿ. ಎರಡು ಪದರುಗಳ ನಡುವೆ ಕೆಂಪು ಜೇಡಿಯ ಪಟ್ಟಿಯಿದ್ದರೆ ಅದು ಮುಚ್ಚಳದಂತೆ ಕುಳಿತು ಕೆಳಗಿನ ನೀರನ್ನು ಒತ್ತಡದಲ್ಲಿಡುತ್ತದೆ. ಅದನ್ನು ಕೊರೆದಾಗ ನೀರು ಕೊಳವೆಯಲ್ಲಿ ತಾನಾಗಿ ಮೇಲೇರುತ್ತದೆ. ಇದನ್ನು ಕಂಡು ಹಿಗ್ಗುವವರೇ ಹೆಚ್ಚು. ಆದರೆ ಒತ್ತಡ ಬೇರೆ, ದಾಸ್ತಾನು ಬೇರೆ. ಒತ್ತಡ ಇಳಿದಂತೆ ಇಂತಹ ಮುಚ್ಚಿದ ಸ್ತರ ಬಿಟ್ಟುಕೊಡುವ ನೀರು ಅತ್ಯಲ್ಪ.

ಗೋಕಾಕ ಜಲಪಾತದಲ್ಲಿ ಘಟಪ್ರಭೆಯು ಸುಮಾರು 170 ಅಡಿ ಧುಮುಕುವುದು ಕಲಾದಗಿ ಸಮೂಹದ ಮರಳುಗಲ್ಲಿನ ಮೇಲಿಂದ. ಮರಳುಗಲ್ಲು ನೀರನ್ನು ಧಾರಾಳವಾಗಿ ಹೀರುವುದೆಂಬ ಎಣಿಕೆ ಇಲ್ಲಿ ಸಲ್ಲದು. ಕಣಗಳು ಬೆಸೆದುಕೊಂಡಿರುವುದರಿಂದ ಬಿರುಕುಗಳೇ ನೀರಿಗೆ ಆಸರೆ. ಮೂಡಲಗಿ ತಾಲೂಕಿನ ಯಾದವಾಡದ ಕಡೆಗೆ ಸಿಮೆಂಟ್ ಉದ್ಯಮಕ್ಕೆ ಆಧಾರವಾದ ಸುಣ್ಣಕಲ್ಲಿದೆ. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಪೊಳ್ಳು ಮಾಡುತ್ತದೆ. ಪೊಳ್ಳಿಗೆ ತಗುಲಿದ ಬಾವಿ ಸಮೃದ್ಧವಾಗಿದ್ದು, ಪಕ್ಕದ್ದು ಒಣಗಿರಬಹುದು.

ಈಗ ಲೆಕ್ಕ ನೋಡೋಣ. 1997ರ ಅಂತರ್ಜಲ ಅಂದಾಜು ಸಮಿತಿಯ ಮಾನದಂಡದಂತೆ ಶಿಥಿಲ ಬಸಾಲ್ಟಿನಿಂದ ಬಸಿದು ಬರುವ ನೀರು ಶಿಲೆಯ ಗಾತ್ರದ ಶೇ. 2ರಷ್ಟು. ಒಂದು ಎಕರೆಯಲ್ಲಿ ಜಲಮಟ್ಟ ಒಂದು ಮೀಟರ್ ಇಳಿದರೆ ದೊರೆಯುವುದು ಸುಮಾರು 81,000 ಲೀಟರ್. ದಿನಕ್ಕೆ 20,000 ಲೀಟರ್ ಬೇಕಾದ ಘಟಕಕ್ಕೆ ಇದು ನಾಲ್ಕು ದಿನದ ಸರಕು. ಮಿಕ್ಕದ್ದು ನೆರೆಯ ಜಮೀನುಗಳ ಅಡಿಯಿಂದ ಹರಿದುಬರಬೇಕು. ಅಲ್ಲಿ ಕಬ್ಬಿನ ಪಂಪುಗಳೂ ನಡೆಯುತ್ತಿರುತ್ತವೆ.

ಆದ್ದರಿಂದ ಕೊರೆದ ದಿನ ಚಿಮ್ಮಿದ ‘ಇಂಚು’ಗಳನ್ನು ನಂಬಿ ಸಾಲಪತ್ರಕ್ಕೆ ಸಹಿ ಹಾಕುವುದು ವಿವೇಕವಲ್ಲ. ಭೂವಿಜ್ಞಾನಿಯಿಂದ ಸ್ಥಳ ಪರೀಕ್ಷೆ ಮಾಡಿಸಿ, ಕಡುಬೇಸಿಗೆಯಲ್ಲಿ ಸತತ ಪಂಪು ನಡೆಸಿ ನೀರು ಎಷ್ಟು ಇಳಿಯಿತು, ಪಂಪು ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮರಳಿತು ಎಂಬುದನ್ನು ಬರೆದಿಡಬೇಕು. ಹಿಡಕಲ್ ಜಲಾಶಯದ ಕಾಲುವೆ ಪ್ರದೇಶದಲ್ಲಿ ಬಸಿನೀರೂ ಬಾವಿಗಳಿಗೆ ಸೇರುವುದರಿಂದ, ಕಾಲುವೆ ನಿಂತ ತಿಂಗಳುಗಳ ಇಳುವರಿಯನ್ನೇ ಯೋಜನಾ ವರದಿಗೆ ಹಿಡಿಯತಕ್ಕದ್ದು.